ತಟ್ಟಿ ಕೇಳುವ ಬೆರಳು

ಜೋರು ಗಾಳಿ ಬೀಸುವ ದಿನ ನಮ್ಮೂರಲ್ಲಿ ಹೆಣ್ಣು ನೋಡೋ ಶಾಸ್ತ್ರ ಇಟ್ಟುಕೊಳ್ಳೋದಿಲ್ಲ, ಪಂಚಾಯ್ತಿ ಸೇರೋದಿಲ್ಲ, ಯಾರೂ ಕ್ಷೌರಕ್ಕೆ ಕೂರೋದಿಲ್ಲ. ಎಲ್ಲರ ನರಗಳೂ ಸೂರಿನ ಮೇಲೆ ಅಲ್ಲಾಡ್ತಾ ಇರುತ್ತವೆ. ಯಾರ ಕೈ ಎತ್ತ ಹೋಗುತ್ತೆ, ಯಾರ ಬಾಯಿಂದ ಏನು ಬಂದುಬಿಡುತ್ತೆ ಅಂತ ಹೇಳೋಕಾಗಲ್ಲ. ಬೇರೆ ಊರಿಂದ ಬಂದ ಸೊಸೆಯರಿಗೆ ಮೊದಲ ದಿನವೇ ಹೇಳಿಕೊಡ್ತೀವಿ: ನರದ ಮೇಲೆ ಬಟ್ಟೆ ಒಣಹಾಕಬೇಡ, ಕಾಗೆ ಕೂತರೆ ಕಲ್ಲು ಬೀರಬೇಡ, ಮೆಲ್ಲಗೆ ಉಶ್ ಅನ್ನು. ಆರು ತಿಂಗಳು ಕಳೆಯೋದರೊಳಗೆ ಅವರ ಕತ್ತಿನ ಹಿಂದಿನಿಂದಲೂ ಬಿಳಿ ಎಳೆ ಹೊರಗೆ ಬಂದು ಬಿದಿರು ಗಳುವಿನ ಮೇಲೆ ಹತ್ತಿಕೊಳ್ಳುತ್ತೆ. ಆಮೇಲೆ ಅವರೂ ನಮ್ಮವರೇ.

ನರಗಳೆಲ್ಲ ಬೀದಿಯುದ್ದಕ್ಕೂ ಸಾಗಿ ದಿಣ್ಣೆ ಮೇಲಿನ ಸೇರುಮನೆಗೆ ಬರುತ್ತವೆ. ನಾನು ಅಲ್ಲಿ ಕೂರೋಳು, ಈರಕ್ಕ. ನನ್ನ ಸೋದರತ್ತೆ ಕೂತಿದ್ದ ಜಾಗದಲ್ಲೇ ಕೂತು ಇಪ್ಪತ್ತಾರು ವರ್ಷವಾಯ್ತು. ತಲೆಯಿಂದ ಬರೋದಕ್ಕೆ ಬೇಕುನರ ಅಂತೀವಿ. ಅಲ್ಲಿಂದ ಹೊರಟು ಕೈಗೋ ಕಾಲಿಗೋ ಹೋಗೋದು ಕೆಲಸದ ನರ. ಇವೆರಡರ ತುದಿ ಒಂದಕ್ಕೊಂದು ತಾಗೋದಿಲ್ಲ, ನಡುವೆ ಒಂದು ಸಂದು ಇರುತ್ತೆ. ಮನಸ್ಸಿಗೆ ಬೇಕು ಅನ್ನಿಸಿದಾಗ ಈಚೆ ತುದಿ ನಡುಗಿ ಒಂದು ಹನಿ ಬಿಡುತ್ತೆ. ಆ ಹನಿ ಸಂದು ದಾಟಿ ಆಚೆ ತಾಗಿದರೆ ಕೈ ಎದ್ದಿತು ಅಂತ ಲೆಕ್ಕ. ದಿನಾ ಮಾಡೋ ಕೆಲಸವಾದರೆ ಸಂದು ಕೂದಲೆಳೆಯಷ್ಟಾಗಿ ಹನಿ ತಾನೇ ಹಾರಿಕೊಳ್ಳುತ್ತೆ. ಮಾಡದೆ ಬಿಟ್ಟರೆ ಸಂದು ಅಗಲವಾಗ್ತಾ ಹೋಗುತ್ತೆ.

ನನ್ನ ಕೆಲಸ ಎಳೆ ಮಕ್ಕಳದ್ದು, ಮತ್ತೆ ಪೆಟ್ಟಾದವರದ್ದು. ಅವರ ಹನಿಗೆ ತಾನಾಗಿ ದಾಟೋ ತ್ರಾಣ ಇರೋದಿಲ್ಲ. ಗರಿಕೆ ಕಡ್ಡಿಯ ತುದಿಯಲ್ಲಿ ಹನಿ ಎತ್ತಿಕೊಂಡು ಆಚೆ ತಾಗಿಸಬೇಕು, ಒಂದು ಸಲವಲ್ಲ, ನೂರಾರು ಸಲ. ಈ ಊರಿನ ಅರ್ಧ ಜನರ ಮೊದಲ ನಗು ನನ್ನ ಗರಿಕೆ ಕಡ್ಡಿಯಲ್ಲಿ ದಾಟಿದ್ದು. ಅದಕ್ಕೇ ಯಾರಾದರೂ ನನ್ನೆದುರು ಮುಖ ಗಂಟು ಹಾಕಿಕೊಂಡರೆ, "ಲೋ, ನಿನಗೆ ನಗೋದು ಕಲಿಸಿದವಳು ನಾನು, ಬಿಚ್ಚು ಮುಖಾನ" ಅಂತ ಗದರಿಬಿಡ್ತೀನಿ. ನನ್ನ ಬಾಯಿ ಸ್ವಲ್ಪ ಜೋರು. ಮದುವೆ ಆಗಲಿಲ್ಲ, ಆ ವಿಷಯ ಬಿಡಿ. ಮಕ್ಕಳ ನರ ದಾಟಿಸ್ತಾ ಕೂತವಳಿಗೆ ಹೊತ್ತು ಹೋಗಿದ್ದೇ ತಿಳಿಯಲಿಲ್ಲ.

ಈಗ ಹೇಳಬೇಕಾದ್ದು ಹಣ್ಣಿನಂಗಡಿ ಗವಿಯಪ್ಪಣ್ಣನ ಕೈ ವಿಷಯ.

ಗವಿಯಪ್ಪಣ್ಣ ಹಣ್ಣನ್ನ ಕಣ್ಣಲ್ಲಿ ನೋಡುತ್ತಿರಲಿಲ್ಲ, ಕಿವಿಯಲ್ಲಿ ನೋಡುತ್ತಿದ್ದ. ಕಲ್ಲಂಗಡಿಯಾಗಲಿ, ಹಲಸಾಗಲಿ, ತೆಂಗಿನಕಾಯಾಗಲಿ, ಬಲಗೈ ತೋರುಬೆರಳು ಮಡಿಸಿ ಒಂದು ಸಲ ಟಕ್ ಅಂತ ತಟ್ಟೋನು. ತಲೆ ವಾರೆ ಮಾಡಿಕೊಂಡು ಸುಮ್ಮನೆ ನಿಲ್ಲೋನು. ಆಮೇಲೆ ಇನ್ನೊಂದು ಸಲ ಟಕ್. "ಇದು ಇವತ್ತು ಸಂಜೆಗೆ, ಇದು ನಾಳಿದ್ದಿಗೆ, ಇದು ಬೇಡ ತಾಯಿ, ಒಳಗೆ ಬೆಳ್ಳಗಿದೆ" ಅಂತ ಹೇಳಿದರೆ ಹೇಳಿದ ಹಾಗೇ. ಊರಲ್ಲಿ ಯಾರೂ ಅವನ ಹಣ್ಣನ್ನ ಕೊಯ್ಸಿ ನೋಡಿ ತಗೊಂಡವರಿಲ್ಲ.

ಬೆಳಗ್ಗೆ ಏಳು ಗಂಟೆಗೆ, ಅಂಗಡಿಗೆ ಹೊರಡೋ ಮುಂಚೆ, ಹೆಂಡತಿ ಸಾಕಮ್ಮ ಕಾಫಿ ಲೋಟ ತಂದು ಕೊಟ್ಟಾಗ ಅವಳ ಹಣೆಗೂ ಹಾಗೇ ತಟ್ಟೋನು. ಟಕ್. ತಲೆ ವಾರೆ. ಟಕ್. "ಊಹ್ಞೂಂ, ಇನ್ನೂ ಹಣ್ಣಾಗಿಲ್ಲ. ನಾಳೆ ನೋಡಣ" ಅಂತ ಹೇಳಿ ಚಪ್ಪಲಿ ಮೆಟ್ಟೋನು. ಮೂವತ್ತೊಂದು ವರ್ಷದ ಸಂಸಾರ, ಒಂದು ದಿನ ತಪ್ಪಿಸಿದವನಲ್ಲ. ಸಾಕಕ್ಕ ನಮ್ಮ ಹತ್ತಿರ ಬಂದು, "ಥೂ, ಐವತ್ತು ದಾಟ್ತು, ಇನ್ಯಾವಾಗ ಹಣ್ಣಾಗೋದಂತೆ ನಾನು" ಅಂತ ಬೈಯೋಳು. ಬೈಯುವಾಗ ಹಣೆಯನ್ನ ಸೆರಗಲ್ಲಿ ಒರೆಸಿಕೊಳ್ಳೋಳಲ್ಲ ಅನ್ನೋದನ್ನ ನಾನು ಕಂಡಿದ್ದೇನೆ.

ಮೊನ್ನೆ ಬೇಸಿಗೆಯಲ್ಲಿ ಅವನ ಅಂಗಡಿಯ ರಸಬಾಳೆ ಗೊನೆಗೆ ಕೋತಿಗಳು ಬಂದವು. ನಮ್ಮೂರ ಕೋತಿಗಳಿಗೆ ನರ ಮುಟ್ಟಬಾರದು ಅಂತ ಗೊತ್ತು. ಅವು ಯಾವುದೋ ಹೊಸ ಹಿಂಡು. ಒಂದು ಗಡವ ಗೊನೆ ಕಿತ್ತುಕೊಂಡು ಸೀದಾ ಸೇರುಮನೆ ಸೂರಿಗೆ ಹಾರಿ, ಅಲ್ಲಿಂದ ಜೋತುಬಿತ್ತು. ಬೀದಿಯವರೆಲ್ಲ ಒಟ್ಟಿಗೆ ಎಡಗಾಲು ಝಾಡಿಸಿದರು. ಗವಿಯಪ್ಪಣ್ಣನ ಬೇಕುನರ ಕೈನರವನ್ನ ಸೇರೋ ಜಾಗದಲ್ಲಿ ಒಂದು ಗೇಣು ಹರಿದೇ ಹೋಯಿತು. ಕೆಳಗೆ ಅಂಗಡಿಯಲ್ಲಿ ಅವನ ಕೈಯಲ್ಲಿದ್ದ ಕಲ್ಲಂಗಡಿ ಬಿದ್ದು ಹೋಳಾಯಿತಂತೆ. ಕೈ ಜೋತುಬಿದ್ದದ್ದು ಮತ್ತೆ ಏಳಲಿಲ್ಲ.

ಹರಿದ ಗೇಣು ಮತ್ತೆ ಕೂಡೋದಿಲ್ಲ. ಅದು ಒಣಗಿ ಉದುರುತ್ತೆ. ಉಳಿದಿರೋದು ಸುತ್ತುದಾರಿ. ಪಕ್ಕದಲ್ಲಿ ಹೋಗೋ ಅವನದೇ ಬೇರೆ ಎಳೆಯ ಮೇಲಿಂದ ಹನಿ ಹತ್ತಿಸಿ, ಕೈನರದ ತನಕ ಹೊಸ ಹಾದಿ ತುಳಿಸಬೇಕು. ಅದಕ್ಕೆ ಎರಡು ಕಡೆ ಒಂದೇ ಗಳಿಗೆಯಲ್ಲಿ ಕೆಲಸವಾಗಬೇಕು. ಮನೆಯಲ್ಲಿ ಅವನು ತಟ್ಟಬೇಕು ಅಂತ ಮನಸಾರೆ ಬಯಸಬೇಕು, ಇಲ್ಲಿ ಬೇಕುನರ ನಡುಗಿದ ಕೂಡಲೇ ನಾನು ಹನಿ ದಾಟಿಸಬೇಕು. ಇದಕ್ಕೆ ಇರೋದು ನಲವತ್ತು ದಿನ. ನಲವತ್ತು ದಿನ ಸ್ವಂತ ಬೇಕುನರದ ಹನಿಗೆ ಮಿಸುಕದೇ ಇದ್ದ ನರವನ್ನ ಸುತ್ತೋ ಮಾದಯ್ಯ ಬಂದು ಕೋಲಿಗೆ ಸುತ್ತಿ ಮಡಕೆಯಲ್ಲಿಡ್ತಾನೆ. ಬಿಟ್ಟರೆ ಅದು ಕೊಳೆತು ಪಕ್ಕದ ನರಗಳನ್ನೂ ಕೆಡಿಸುತ್ತೆ. ಸುತ್ತಿಟ್ಟ ಮೇಲೆ ಮುಗೀತು, ಆ ಕೈ ಅಂಗಿತೋಳಿನ ಥರ ಜೀವ ಇರೋ ತನಕ ನೇತಾಡಬೇಕು.

ಸಾಕಕ್ಕನಿಗೆ ಎಲ್ಲ ತಿಳಿಸಿ ಹೇಳಿದೆ. "ಏಳು ಗಂಟೆಗೆ ಅಣ್ಣನ ಕೈ ಎತ್ತಿ ನಿನ್ನ ಹಣೆಗೆ ಇಟ್ಕೋ ಸಾಕಕ್ಕ. ತಟ್ಟು ಅಂತ ಹೇಳು. ಒಂದು ಗಂಟೆ ಹೊತ್ತು ಬಿಡಬೇಡ."

"ಅವರಿಗೆ ಬೇಜಾರಾದ್ರೆ?"

"ಬೇಜಾರಾಗ್ಲಿ. ಬೈಲಿ. ಬೈಯೋ ನರ ಚೆನ್ನಾಗೇ ಇದೆ, ನಾನು ನೋಡಿದೀನಿ."

ಸುತ್ತುದಾರಿಗೆ ಸಿಕ್ಕಿದ್ದು ಅವನ ಹುಬ್ಬಿನ ಎಳೆ. ಮೊದಲ ವಾರ ಅವನು ತಟ್ಟಬೇಕು ಅಂದುಕೊಂಡಾಗಲೆಲ್ಲ ಎಡಹುಬ್ಬು ಮೇಲೇಳೋದಂತೆ. ಸಾಕಕ್ಕ ಮಧ್ಯಾಹ್ನ ಬಂದು ಹೇಳಿ ನಗುತ್ತಿದ್ದಳು. ಎರಡನೇ ವಾರ ನಗುವುದು ಬಿಟ್ಟಳು. ಹದಿನಾಲ್ಕನೇ ದಿನ ಬಂದು ಸೇರುಮನೆ ಮೆಟ್ಟಿಲ ಮೇಲೆ ಕುಸಿದಳು. "ಈರಿ, ನನ್ನ ಕೈಲಾಗಲ್ಲ ಕಣೆ. ಆ ಕೈ ಎತ್ತಿ ಹಣೆಗಿಟ್ಕೊಂಡ್ರೆ ತಣ್ಣಗೆ, ಯಾರದೋ ಕೈ ಥರ. ಅವರೂ ಗೋಡೆ ಕಡೆ ನೋಡ್ಕೊಂಡು ಕೂತಿರ್ತಾರೆ. ನಾಳೆಯಿಂದ ಬಿಟ್ಬಿಡ್ತೀನಿ" ಅಂದಳು.

ಅವಳು ಇಳಿದುಹೋದ ಮೇಲೆ ನಾನು ಮಾಡಬಾರದ್ದನ್ನ ಮಾಡಿದೆ. ನನ್ನ ಬಲಗೈ ತೋರುಬೆರಳಿನ ನರವೂ ಅಲ್ಲೇ ಇತ್ತಲ್ಲ. ಅದರ ಒಂದು ಎಳೆ ಬಿಡಿಸಿ ಗವಿಯಪ್ಪಣ್ಣನ ಕೈನರಕ್ಕೆ ಬಾಳೆನಾರಿನಲ್ಲಿ ಕಟ್ಟಿಬಿಟ್ಟೆ. ಸೇರುಮನೆಯಲ್ಲಿ ಕೂತವರು ತಮ್ಮ ನರವನ್ನ ಇನ್ನೊಬ್ಬರಿಗೆ ಕಟ್ಟಬಾರದು, ಇದು ಸೋದರತ್ತೆ ನನಗೆ ಹೇಳಿದ ಮೊದಲ ಮಾತು.

ಮಾರನೇ ಬೆಳಗ್ಗೆ ಏಳಕ್ಕೆ ಅವನ ಬೇಕುನರ ನಡುಗಿತು. ಪುಣ್ಯಾತ್ಗಿತ್ತಿ ಬಿಡದೆ ಕೈ ಎತ್ತಿಕೊಂಡಿದ್ದಳು ಅಂತ ಗೊತ್ತಾಯಿತು. ನಾನು ಬೆರಳು ಮಡಿಸಿ ಕೂತಿದ್ದ ಕಲ್ಲಿನ ಮೇಲೆ ತಟ್ಟಿದೆ. ಟಕ್, ಟಕ್.

ಅಯ್ಯೋ, ಅದನ್ನ ಹೇಗೆ ಹೇಳಲಿ! ಹೋಗೋದಕ್ಕೆ ಅಂತ ಕಟ್ಟಿದರೆ ಬರೋದೂ ಬರುತ್ತೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ನಾನು ಮುಟ್ಟಿದ್ದು ಕಲ್ಲು, ಬೆರಳಿಗೆ ತಾಗಿದ್ದು ಸಾಕಕ್ಕನ ಹಣೆ. ಎಣ್ಣೆ ಪಸೆ, ಕುಂಕುಮದ ತರಿ, ಬಿಸಿ. ಆಮೇಲೆ ಆ ಹಣೆಯಲ್ಲಿ ಗೆರೆಗಳು ಮೂಡಿದ್ದು ಗೊತ್ತಾಯಿತು. ನಗುತ್ತಿದ್ದಳು. ಅರ್ಧ ಗಂಟೆಯಲ್ಲಿ ಏದುಸಿರು ಬಿಡ್ತಾ ದಿಣ್ಣೆ ಹತ್ತಿ ಬಂದು, "ತಟ್ಟಿದ್ರು ಕಣೇ! ಎರಡು ಸಲ!" ಅಂತ ನನ್ನ ತಬ್ಬಿಕೊಂಡಳು. ನಾನು ಸುಳ್ಳು ನಗು ನಕ್ಕೆ.

ಒಂದು ದಿನ ಮಾಡಿ ಬಿಚ್ಚಿಬಿಡಬೇಕು ಅಂತಿದ್ದೆ. ಒಂಬತ್ತು ದಿನ ಆಯಿತು. ಸಾಕಕ್ಕನ ಮೇಲಿನ ಕನಿಕರಕ್ಕೆ ಅಂತ ಹೇಳಿಕೊಳ್ಳಬಹುದು, ಆದರೆ ಈ ವಯಸ್ಸಲ್ಲಿ ಸುಳ್ಳು ಯಾಕೆ? ನನ್ನ ಬೆರಳಿನಡಿ ಒಬ್ಬರ ಹಣೆ ನಗೋದು ನನಗೆ ಬೇಕಾಗಿತ್ತು. ಬೆಳಗ್ಗೆ ಆರಕ್ಕೇ ಮಿಂದು ಬಂದು ಕಾಯುತ್ತಾ ಕೂರುತ್ತಿದ್ದೆ. ಉಳಿದ ಹೊತ್ತು ಬೆರಳು ಆಡಿಸಿದರೆ ಅಲ್ಲಿ ಅವನ ಬೆರಳೂ ಆಡುತ್ತೆ ಅಂತ ಬಟ್ಟೆ ಸುತ್ತಿಕೊಂಡು, ಕೇಳಿದವರಿಗೆ ಉಗುರುಸುತ್ತು ಅಂದೆ. ಗವಿಯಪ್ಪಣ್ಣನ ಬೇಕುನರದ ನಡುಕ ದಿನದಿನಕ್ಕೆ ಸಣ್ಣದಾಗ್ತಾ ಬಂದಿದ್ದನ್ನ ನೋಡಿಯೂ ನೋಡದ ಹಾಗಿದ್ದೆ. ಎಂಟನೇ ದಿನ ಅದು ನಡುಗಲೇ ಇಲ್ಲ. ನಾನು ಏಳು ಗಂಟೆ ನೋಡಿಕೊಂಡು ತಟ್ಟಿದೆ.

ಇಪ್ಪತ್ತಮೂರನೇ ದಿನ ಮಧ್ಯಾಹ್ನ ಸಾಕಕ್ಕ ಬಂದಳು. ನನ್ನ ಪಕ್ಕದಲ್ಲಿ ಕೂತು, "ಉಗುರುಸುತ್ತು ವಾಸಿಯಾಯ್ತಾ?" ಅಂದಳು.

"ಇದೆ, ಇನ್ನೂ ಒಂಚೂರು."

"ನಿನ್ನೆ ಮಧ್ಯಾಹ್ನ ಬಟ್ಟೆ ಬಿಚ್ಚಿದ್ದೆ ಅನ್ನು. ಅಕ್ಕಿ ಆರಿಸಿದ್ಯಾ?"

ನಾನು ಬೆರಳನ್ನ ಸೆರಗಿನೊಳಗೆ ಸೇರಿಸಿಕೊಂಡೆ.

"ನಮ್ಮನೆಯವರ ಬೆರಳು ಹಾಸಿಗೆ ಮೇಲೆ ಕಲ್ಲು ಆರಿಸಿ ಪಕ್ಕಕ್ಕೆ ತಳ್ತಾ ಇತ್ತು ಕಣೆ. ಅರ್ಧ ಗಂಟೆ. ಆ ಮನುಷ್ಯ ಜನ್ಮದಲ್ಲಿ ಒಂದು ಹಿಡಿ ಅಕ್ಕಿ ಆರಿಸಿದೋರಲ್ಲ" ಅಂದಳು. ಆಮೇಲೆ, "ಅದಕ್ಕೂ ಮುಂಚೇನೇ ಅನುಮಾನ ಇತ್ತು. ಅವರು ಒಂದು ಸಲ ತಟ್ಟಿ ಕೇಳಿಸ್ಕೊಳ್ತಾರೆ. ಆಮೇಲೆ ಎರಡನೇದು. ನೀನು ಟಕ್ ಟಕ್ ಅಂತ ತಟ್ಟಿ ಹೋಗ್ಬಿಡ್ತೀಯ, ಬಾಗಿಲು ಬಡಿಯೋರ ಥರ" ಅಂದಳು.

ನಾನು ಅತ್ತುಬಿಟ್ಟೆ. ಕೊನೆಗೆ, "ಗವಿಯಪ್ಪಣ್ಣನಿಗೆ ಗೊತ್ತಾ?" ಅಂತ ಕೇಳಿದೆ.

"ಮೊದಲ ದಿನದಿಂದ್ಲೇ ಗೊತ್ತಂತೆ. ಅವರ ಕೈ ಅವರು ಹೇಳದೇ ಎದ್ರೆ ಅವರಿಗೆ ಗೊತ್ತಾಗಲ್ವಾ? ನೀನು ನಕ್ಕೆಯಲ್ಲ, ಅದಕ್ಕೆ ಸುಮ್ಮನಿದ್ದೆ ಅಂತ ನನಗಂದ್ರು. ನನ್ನಿಂದಾಗದಿದ್ರೂ ಯಾರಿಂದ್ಲೋ ಆಯ್ತಲ್ಲ ಅಂದ್ರು." ಸಾಕಕ್ಕ ಕಣ್ಣೊರೆಸಿಕೊಂಡಳು. "ನೋಡು, ನೀನು ನನಗೋಸ್ಕರ ಮಾಡ್ದೆ, ಅವರು ನನಗೋಸ್ಕರ ಬಿಟ್ರು. ಇಬ್ರೂ ಸೇರಿ ಅವರ ಕೈನ ಕಳೀತಿದೀರಿ. ನನಗೆ ತಟ್ಟದೇ ಇದ್ರೂ ಪರವಾಗಿಲ್ಲ ಈರಿ. ಕೈ ಇಲ್ಲದೆ ಅವರು ಹಣ್ಣಿನ ಮುಂದೆ ಹೇಗೆ ಕೂರ್ತಾರೆ, ಹೇಳು."

ಬೈದಿದ್ದರೆ ತಡೆದುಕೊಳ್ತಿದ್ದೆ. ಅವಳೆದುರಿಗೇ ಬಾಳೆನಾರು ಬಿಚ್ಚಿದೆ. ನನ್ನ ಎಳೆ ಅವನ ನರಕ್ಕೆ ಒಂದು ಕಡೆ ಅಂಟಿಕೊಂಡು ಬೆಳೆದಿತ್ತು, ಕೂದಲಿನಷ್ಟು ಸಣ್ಣದು. ಕತ್ತರಿ ಕೈಗೆತ್ತಿಕೊಂಡೆ. ಇಷ್ಟು ಸಣ್ಣದರಲ್ಲಿ ನನ್ನ ಬಯಕೆ ಅತ್ತ ಹೋಗೋದಿಲ್ಲ, ನಾಳೆ ಕತ್ತರಿಸಿದರಾಯ್ತು ಅಂದುಕೊಂಡು ಇಟ್ಟುಬಿಟ್ಟೆ. ಸಾಕಕ್ಕ ಅದನ್ನ ನೋಡಲಿಲ್ಲ. ನಾಳೆ ಅಂದದ್ದು ಮತ್ತೆ ನಾಳೆ ಅಂತಲೇ ಉಳಿಯಿತು.

ಉಳಿದದ್ದು ಹದಿನೇಳು ದಿನ. ಗವಿಯಪ್ಪಣ್ಣನಿಗೆ ಬೇಕು ಅನ್ನಿಸೋದೇ ನಿಂತುಹೋಗಿತ್ತು. ಮೊದಲು ಅದನ್ನ ಎಬ್ಬಿಸಬೇಕಿತ್ತು. ಸಾಕಕ್ಕ ಒಂದು ಉಪಾಯ ಮಾಡಿದಳು. ದಿನಕ್ಕೊಂದು ಕಲ್ಲಂಗಡಿ ತಂದು ಅವನ ಪಕ್ಕ ಇಟ್ಟು, ತಾನೇ ತಟ್ಟಿ ನೋಡಿ, ಬೇಕಂತಲೇ ತಪ್ಪು ಹೇಳತೊಡಗಿದಳು. "ಇದು ಹಣ್ಣಾಗಿದೆ" ಅನ್ನೋಳು. ಆ ಮನುಷ್ಯನಿಗೆ ಕಾಯಿಗೆ ಹಣ್ಣು ಅಂದರೆ ಮೈ ಉರಿಯುತ್ತೆ. "ಅದೆಲ್ಲಿ ಹಣ್ಣಾಗಿದೆಯೇ, ತಲೆ! ಕೊಡಿಲ್ಲಿ" ಅಂತ ರೇಗೋನು, ಸೇರುಮನೆಯಲ್ಲಿ ಬೇಕುನರ ಝುಮ್ ಅಂತ ನಡುಗೋದು. ನಾನು ಹನಿ ಹಿಡಿದು ದಾಟಿಸೋಳು. ಬೆಳಗ್ಗೆ ಹಣೆಗೆ, ಮಧ್ಯಾಹ್ನ ಹಣ್ಣಿಗೆ, ಸಂಜೆ ಮತ್ತೆ ಹಣ್ಣಿಗೆ. ಕೂತು ಕೂತು ನನ್ನ ಸೊಂಟ ಹಿಡಿದುಕೊಂಡಿತು. ಎಳೆಮಕ್ಕಳ ತಾಯಂದಿರು ಬಂದು, "ಈರಕ್ಕ, ನಮ್ಮ ಮಗು ಇನ್ನೂ ಮುಷ್ಟಿ ಬಿಚ್ಚಿಲ್ಲ" ಅಂದರೆ, "ನಿಮ್ಮದಕ್ಕೆ ಅರವತ್ತು ವರ್ಷ ಟೈಮಿದೆ, ಹೋಗ್ರಮ್ಮ" ಅಂತ ಅಟ್ಟಿದೆ. ಆಮೇಲೆ ಪಾಪ ಅನ್ನಿಸಿ ಕರೆದು ಅವರದನ್ನೂ ಮಾಡಿಕೊಟ್ಟೆ. ಹುಬ್ಬು ಮಾತ್ರ ಎದ್ದಿತು, ಬೆರಳು ಏಳಲಿಲ್ಲ.

ನಲವತ್ತನೇ ದಿನ ಬೆಳಗ್ಗೆ ನಾನು ಸೇರುಮನೆಗೆ ಬರೋಷ್ಟರಲ್ಲಿ ಸುತ್ತೋ ಮಾದಯ್ಯ ಕೋಲು, ಮಡಕೆ ಇಟ್ಟುಕೊಂಡು ಬಂದು ಕೂತಿದ್ದ. ಕೆಟ್ಟ ಮನುಷ್ಯನಲ್ಲ. ಸ್ವಂತ ಅಪ್ಪನ ಕಾಲಿನ ನರ ಸುತ್ತಿದ ಕೈ ಅವನದು.

"ಇವತ್ತು ನಲವತ್ತು ಕಣಕ್ಕ" ಅಂದ.

"ನನಗೂ ಎಣಿಸೋಕೆ ಬರುತ್ತೆ. ಏಳು ಗಂಟೆ ದಾಟ್ಲಿ, ಸುಮ್ನಿರು" ಅಂದೆ.

ಏಳಾಯಿತು. ಬೇಕುನರ ನಡುಗಿತು. ಎಳೆ ಮಕ್ಕಳದು ಇರುತ್ತಲ್ಲ, ಹಾಗೆ ಚೂರುಚೂರೇ ಅಲ್ಲ, ತುದಿಯಿಂದ ತುದಿಗೆ ನಡುಗಿತು. ನಾನು ಹನಿ ಎತ್ತಿ ಹುಬ್ಬಿನ ಎಳೆ ಮೇಲೆ ಹತ್ತಿಸಿ ಕೈನರಕ್ಕೆ ಮುಟ್ಟಿಸಿದೆ. ಏನೂ ಇಲ್ಲ. ಇನ್ನೊಂದು ಹನಿ. ಏನೂ ಇಲ್ಲ. ಮೂರನೇ ಹನಿ ಎತ್ತೋಕೆ ಹೋದರೆ ಅವಸರಕ್ಕೆ ಗರಿಕೆ ಕಡ್ಡಿ ಕೈಜಾರಿ ಕೆಳಗೆ ಬಿತ್ತು. ಹುಡುಕೋಕೆ ಬಗ್ಗಿದೆ. ಮಾದಯ್ಯ ನಿಟ್ಟುಸಿರು ಬಿಟ್ಟು ಕೋಲು ಕೈಗೆ ತಗೊಂಡ.

ಆಗ ಕಲ್ಲಿನ ಮೇಲೆ ಊರಿದ್ದ ನನ್ನ ಬಲಗೈ ತೋರುಬೆರಳು ತಾನೇ ಮಡಿಸಿಕೊಂಡಿತು. ನಾನು ಮಡಿಸಲಿಲ್ಲ. ದೇವರಾಣೆ, ನನ್ನ ಮನಸ್ಸು ಗರಿಕೆ ಕಡ್ಡಿ ಮೇಲಿತ್ತು. ಬೆರಳು ಒಂದು ಸಲ ಟಕ್ ಅಂತ ತಟ್ಟಿತು. ಆಮೇಲೆ ನಿಂತಿತು. ಸುಮ್ಮನೆ ನಿಂತೇ ಇತ್ತು. ಅಷ್ಟು ಹೊತ್ತು ನಿಲ್ಲೋದು ನನ್ನ ಬೆರಳಿಗೆ ಯಾವ ಕಾಲಕ್ಕೂ ಬಂದಿರಲಿಲ್ಲ. ಅದು ಕೇಳಿಸಿಕೊಳ್ಳುತ್ತಿತ್ತು. ಆಮೇಲೆ ಎರಡನೇ ಸಲ ತಟ್ಟಿತು.

ಗವಿಯಪ್ಪಣ್ಣನ ಹನಿ ತಾನೇ ಹಾರಿ ಅವನ ಕೈ ಎದ್ದಿತ್ತು. ಕತ್ತರಿಸದೇ ಉಳಿಸಿಕೊಂಡಿದ್ದ ಕೂದಲೆಳೆಯಲ್ಲಿ ನನಗೂ ಒಂದಿಷ್ಟು ಬಂದು ತಾಗಿತ್ತು, ಅಷ್ಟೇ. ಬೆರಳ ತುದಿಯಲ್ಲಿ ಎಣ್ಣೆ ಪಸೆ, ಕುಂಕುಮದ ತರಿ. ಗೆರೆಗಳು ಮೂಡಿದವು. ಈ ಸಲ ಅವು ನಕ್ಕ ಗೆರೆಗಳೋ ಅತ್ತ ಗೆರೆಗಳೋ ನನಗೆ ತಿಳಿಯಲಿಲ್ಲ.

"ಕೋಲು ಕೆಳಗಿಡು ಮಾದಯ್ಯ" ಅಂದೆ. ಅವನಿಗೂ ಅರ್ಥವಾಗಿ ಮಡಕೆ ಎತ್ತಿಕೊಂಡು ಎದ್ದ. ಹೋಗುವಾಗ ಮುಖ ಆ ಕಡೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡ.

ಅವನು ಹೋದ ಮೇಲೆ ಕತ್ತರಿ ತೆಗೆದುಕೊಂಡೆ. ಆ ಹಣೆ ಇನ್ನೂ ನನ್ನ ಬೆರಳಿನಡಿ ಬೆಚ್ಚಗಿತ್ತು. ಅದು ಅವರಿಬ್ಬರದು, ಮೂರನೆಯವಳು ನಾನ್ಯಾಕೆ ಅಲ್ಲಿ ಅಂತ ನನಗೆ ನಾನೇ ಗದರಿಕೊಂಡೆ. ಕತ್ತರಿಸಿದೆ. ಬೆರಳಿಗೆ ಕಲ್ಲು ತಣ್ಣಗೆ ತಾಗಿತು. ಒಂದು ಗಂಟೆ ಹೊತ್ತು ಯಾರ ನರವನ್ನೂ ಮುಟ್ಟೋಕಾಗಲಿಲ್ಲ ನನಗೆ.

ಹತ್ತೂವರೆಗೆ ಇಬ್ಬರೂ ದಿಣ್ಣೆ ಹತ್ತಿ ಬಂದರು. ಸಾಕಕ್ಕನ ಸೊಂಟದ ಮೇಲೆ ಒಂದು ಕಲ್ಲಂಗಡಿ. ಗವಿಯಪ್ಪಣ್ಣ ಬಲಗೈಯನ್ನ ಎಡಗೈಯಲ್ಲಿ ಹಿಡಿದುಕೊಂಡು, ಹೊಸದಾಗಿ ಹುಟ್ಟಿದ ಕೂಸನ್ನ ಎತ್ತಿಕೊಂಡವರ ಹಾಗೆ ಮೆಲ್ಲಗೆ ನಡೆದು ಬರುತ್ತಿದ್ದ. ನಾನು ಎದ್ದು ನಿಂತು, "ಅಣ್ಣ, ತಪ್ಪಾಯ್ತು. ನಿನ್ನ ಒಂಬತ್ತು ದಿನ ನಾನು ತಿಂದೆ" ಅಂದೆ.

"ತಪ್ಪು ಸರಿ ಆಮೇಲೆ. ಎಳೆ ಬಿಡಿಸ್ಕೊಂಡ್ಯಾ?" ಅಂದ.

"ಈಗ ಕತ್ತರಿಸಿದೆ."

"ಹ್ಞೂಂ. ಬೆಳಗ್ಗೆ ತಟ್ಟೋವಾಗ ಇನ್ಯಾರೋ ಜೊತೇಲಿ ಕೇಳಿಸ್ಕೊಳ್ತಿದ್ದ ಹಾಗಿತ್ತು. ಹೊರಗೆ ನಿಂತುಕೊಂಡು. ನಾನು ಇವಳಿಗೆ ಹೇಳ್ದೆ, ಪಾಪ ಕಣೆ ಅದು, ಅಂತ."

ನಾನು ತಲೆ ತಗ್ಗಿಸಿದೆ. ಆ ಮನುಷ್ಯ ಹತ್ತಿರ ಬಂದು ಬಲಗೈಯನ್ನ ಎಡಗೈಯಿಂದ ಬಿಟ್ಟ. ಎಡಹುಬ್ಬು ಮೇಲೆದ್ದಿತು. ಕೈ ನಡುಗುತ್ತಾ, ಅಲ್ಲಿ ಇಲ್ಲಿ ತಡವರಿಸುತ್ತಾ ಮೇಲೆ ಬಂತು. ನನ್ನ ಹಣೆಗೆ ಬೆರಳು ಟಕ್ ಅಂತ ತಾಗಿತು. ಅವನು ತಲೆ ವಾರೆ ಮಾಡಿ ನಿಂತ. ನಲವತ್ತೆಂಟು ವರ್ಷದಲ್ಲಿ ನನ್ನ ಹಣೆಯನ್ನ ಯಾರೂ ಅಷ್ಟು ಹೊತ್ತು ಕೇಳಿಸಿಕೊಂಡಿರಲಿಲ್ಲ. ಆಮೇಲೆ ಇನ್ನೊಂದು ಸಲ, ಟಕ್.

"ಊಹ್ಞೂಂ" ಅಂದ ಗವಿಯಪ್ಪಣ್ಣ, ಹೆಂಡತಿ ಕಡೆ ತಿರುಗಿ. "ಇದೂ ಇನ್ನೂ ಹಣ್ಣಾಗಿಲ್ಲ ಕಣೆ. ನಾಳೆ ನೋಡಣ."

ಸಾಕಕ್ಕ ಕಲ್ಲಂಗಡಿ ಕೆಳಗಿಟ್ಟು, "ಏಳು ಗಂಟೆಗೆ ಸರಿಯಾಗಿ ಬಾ ಈರಿ. ಕಾಫಿ ಇಟ್ಟಿರ್ತೀನಿ" ಅಂದಳು. ಮಾರನೇ ದಿನ ನಾನು ಆರೂವರೆಗೇ ಹೋಗಿ ಅವರ ಜಗುಲಿ ಮೇಲೆ ಕೂತಿದ್ದೆ.